ಆಂಡ್ರೂ ಮಿನಾರ್ಸ್ಕಿ: ಸಾಕ್ಷಿ ಬದುಕಿದ್ದರಿಂದ ಉಳಿದ ಹೆಸರು

ಬಾನಾಡಿ:
ಜೂನ್ ಬಂತೆಂದರೆ ಎಲ್ಲರೂ ಡಿ-ಡೇ ಬಗ್ಗೆ, ಅಂದರೆ ಎರಡನೇ ಮಹಾಯುದ್ಧದಲ್ಲಿ 1944ರ ಜೂನ್ 6ರಂದು ಮಿತ್ರಪಡೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ ದಿನದ ಬಗ್ಗೆ ಬರೆಯುತ್ತಾರೆ. ಅದಾಗಿ ಒಂದು ವಾರಕ್ಕೆ ಸತ್ತ ಒಬ್ಬ ಗನ್ನರ್ (ವಿಮಾನದ ಗನ್ ನಡೆಸುವವನು) ಬಗ್ಗೆ ಇಲ್ಲಿ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಹೆಸರು ಆಂಡ್ರೂ ಮಿನಾರ್ಸ್ಕಿ. ಕೆನಡಾದ ವಿನ್ನಿಪೆಗ್‌ನವನು. ಅಪ್ಪ ಅಮ್ಮ ಪೋಲೆಂಡಿನಿಂದ ವಲಸೆ ಬಂದವರು. ಅವನಿಗೆ 16 ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಮನೆ ನಡೆಸೋಕೆ ತೊಗಲು ಕತ್ತರಿಸುವ ಕೆಲಸಕ್ಕೆ ಸೇರಿದ. 1941ರಲ್ಲಿ ಕೆನಡಾ ವಾಯುಪಡೆ, ಆಮೇಲೆ ಗನ್ನರ್ ತರಬೇತಿ, ಆಮೇಲೆ ಇಂಗ್ಲೆಂಡ್. ಉತ್ತರ ಇಂಗ್ಲೆಂಡಿನ ಮಿಡಲ್ಟನ್ ಸೇಂಟ್ ಜಾರ್ಜ್ ಅನ್ನೋ ನೆಲೆಯಲ್ಲಿ 419ನೇ ಸ್ಕ್ವಾಡ್ರನ್. ವಿಮಾನ ಲ್ಯಾಂಕಾಸ್ಟರ್ ಅನ್ನೋ ನಾಲ್ಕು ಎಂಜಿನ್‌ಗಳ ಬಾಂಬರ್, ನಂಬರ್ ಕೆಬಿ726.

ಏಳು ಜನರ ತಂಡ. ಮಿನಾರ್ಸ್ಕಿ ವಿಮಾನದ ಬೆನ್ನ ಮೇಲಿನ ಗೋಪುರದ (ತಿರುಗುವ ಗನ್ ಗೂಡಿನ) ಗನ್ನರ್. ಬಾಲದ ತುದಿಯ ಗೋಪುರದಲ್ಲಿ ಕೂರುವವನು ಪ್ಯಾಟ್ ಬ್ರೋಫಿ. ಇಬ್ಬರೂ ಜೀವದ ಗೆಳೆಯರು. ಬ್ರೋಫಿ ಅಧಿಕಾರಿ ದರ್ಜೆಯವನು, ಮಿನಾರ್ಸ್ಕಿ ಆಗಿನ್ನೂ ಆ ದರ್ಜೆಗೆ ಏರಿರಲಿಲ್ಲ. ಅದಕ್ಕೇ ರಾತ್ರಿ ಬೇರೆಯಾಗುವಾಗ ತಮಾಷೆಗೆ ಒಂದು ಸೆಲ್ಯೂಟ್ ಹೊಡೆದು 'ಗುಡ್ ನೈಟ್ ಸರ್' ಅನ್ನುತ್ತಿದ್ದ.

1944ರ ಜೂನ್ 12ರ ರಾತ್ರಿ ಫ್ರಾನ್ಸಿನ ಕಾಂಬ್ರೇ ಊರಿನ ರೈಲ್ವೆ ಯಾರ್ಡಿಗೆ ಹೊರಟರು. ಅದು ಆ ತಂಡದ 13ನೇ ದಾಳಿ. ಗುರಿ ಮುಟ್ಟುವ ಹೊತ್ತಿಗೆ ತಾರೀಖೂ 13 ಆಗುತ್ತಿತ್ತು. ಹೊರಡೋ ಮುಂಚೆ ಹುಲ್ಲಿನಲ್ಲಿ ನಾಲ್ಕೆಲೆಯ ಕ್ಲೋವರ್ ಸಿಕ್ಕಿತು ಮಿನಾರ್ಸ್ಕಿಗೆ. ಅದೃಷ್ಟ ತರುತ್ತೆ ಅಂತ ಅವರಲ್ಲಿ ನಂಬಿಕೆ. ಅದನ್ನ ಅವನು ತಾನು ಇಟ್ಟುಕೊಳ್ಳಲಿಲ್ಲ, ಬ್ರೋಫಿಗೆ ಕೊಟ್ಟ.

ಫ್ರಾನ್ಸಿನ ಮೇಲೆ ಜರ್ಮನ್ನರ ಒಂದು ಯುಂಕರ್ಸ್ 88 ಯುದ್ಧವಿಮಾನ ಹಿಂದಿನಿಂದ, ಕೆಳಗಿನಿಂದ ಬಂದು ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ಹೋದವು. ರೆಕ್ಕೆಗೆ ಬೆಂಕಿ, ಒಳಗೆ ಎರಡು ಗನ್ನರ್‌ಗಳ ಮಧ್ಯದ ಜಾಗಕ್ಕೂ ಬೆಂಕಿ. ಹಾರಿ ಅಂತ ಪೈಲಟ್ ಆರ್ಟ್ ಡಿ ಬ್ರೇನ್ ಹೇಳಿದ. ಮಿನಾರ್ಸ್ಕಿ ತನ್ನ ಗೋಪುರದಿಂದ ಇಳಿದು ಹಿಂಬಾಗಿಲಿಗೆ ಬಂದ. ಪ್ಯಾರಾಚೂಟ್ ಕಟ್ಟಿಕೊಂಡಿದ್ದ. ಒಂದು ಹೆಜ್ಜೆ ಇಟ್ಟಿದ್ದರೆ ಮುಗಿಯುತ್ತಿತ್ತು. ಆಗ ಹಿಂದೆ ತಿರುಗಿ ನೋಡಿದರೆ ಬ್ರೋಫಿ ಬಾಲದ ಗೋಪುರದಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ.

ಬೆಂಕಿಯ ಮಧ್ಯೆ ತೆವಳಿಕೊಂಡು ಹೋದ. ಕೊಡಲಿಯಿಂದ ಹೊಡೆದ, ಕೈಯಿಂದ ಎಳೆದ. ಸೊಂಟದ ತನಕ ಬಟ್ಟೆಗೆ ಬೆಂಕಿ ಹತ್ತಿಕೊಂಡಿತ್ತು. ಆಗಲ್ಲ ಹೋಗು ಅಂತ ಬ್ರೋಫಿನೇ ಕೈ ಬೀಸಿದ. ಮಿನಾರ್ಸ್ಕಿ ಬೆನ್ನು ತಿರುಗಿಸಲಿಲ್ಲ, ಅವನನ್ನೇ ನೋಡುತ್ತಾ ಅದೇ ಬೆಂಕಿಯಲ್ಲಿ ಹಿಂದಕ್ಕೆ ತೆವಳಿದ. ಬಾಗಿಲ ಹತ್ತಿರ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು ಏನೋ ಹೇಳಿದ. ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ಏನು ಹೇಳಿದ ಅಂತ ಬ್ರೋಫಿಗೆ ಗೊತ್ತಿತ್ತು.

ಹಾರಿದಾಗ ಪ್ಯಾರಾಚೂಟಿಗೂ ಬೆಂಕಿ ಹತ್ತಿತ್ತು. ಅವನು ಉರಿಯುತ್ತಾ ಬೀಳುವುದನ್ನ ನೆಲದ ಮೇಲಿದ್ದ ಫ್ರೆಂಚ್ ಜನ ನೋಡಿದರು. ನೆಲ ಮುಟ್ಟಿದಾಗ ಜೀವ ಇತ್ತು, ಆದರೆ ಸುಟ್ಟ ಗಾಯ ಜಾಸ್ತಿ, ಉಳಿಯಲಿಲ್ಲ. ವಯಸ್ಸು 27.

ಬ್ರೋಫಿ ಬದುಕಿದ. ವಿಮಾನ ಗೋದಿಯೊಂಪ್ರೆ ಅನ್ನೋ ಹಳ್ಳಿಯ ಹತ್ತಿರ ನೆಲಕ್ಕೆ ಅಪ್ಪಳಿಸಿದಾಗ ಗೋಪುರ ಕಿತ್ತು ಅವನು ಹೊರಗೆ ಎಸೆಯಲ್ಪಟ್ಟ. ತಂಡದ ಏಳು ಜನರಲ್ಲಿ ಸತ್ತವನು ಮಿನಾರ್ಸ್ಕಿ ಒಬ್ಬನೇ.

ಸುಮ್ನೆಕೇಳ್ತೀನಿ:
ಓದಿ ಸ್ವಲ್ಪ ಹೊತ್ತು ಏನೂ ಮಾಡೋಕೆ ಆಗಲಿಲ್ಲ. ಒಂದು ವಿಷಯ ಮಾತ್ರ ಅರ್ಥ ಆಗ್ತಿಲ್ಲ. ಬಾಲದ ಗನ್ನರ್ ಹೇಗೆ ಸಿಕ್ಕಿಹಾಕಿಕೊಳ್ಳುತ್ತಾನೆ? ಅವನ ಹಿಂದೆ ಬರೀ ಆಕಾಶ ತಾನೇ, ಗಾಜು ಒಡೆದು ಹಾರಬಹುದಿತ್ತು ಅಲ್ವಾ?

ಎಚ್‌ಎಎಲ್‌ಮಗಳು:
ಇದಕ್ಕೆ ನಾನು ಉತ್ತರ ಕೊಡ್ತೀನಿ, ವಿಮಾನದ ಹೊಟ್ಟೆಯೊಳಗಿನ ವಿಷಯ ನನಗೆ ಇಷ್ಟ. ಲ್ಯಾಂಕಾಸ್ಟರ್ ಬಾಲದಲ್ಲಿ ನಾಲ್ಕು ಬ್ರೌನಿಂಗ್ ಗನ್, ಅದರ ಹಿಂದೆ ಒಬ್ಬ ಮನುಷ್ಯ ಕೂರುವಷ್ಟೇ ಜಾಗ. ದಪ್ಪ ಬಟ್ಟೆ ಹಾಕಿಕೊಂಡರೆ ಪ್ಯಾರಾಚೂಟಿಗೆ ಅಲ್ಲಿ ಜಾಗ ಇರಲಿಲ್ಲ. ಅದನ್ನ ಗೋಪುರದ ಹೊರಗೆ, ವಿಮಾನದ ಒಳಗೋಡೆಗೆ ತೂಗುಹಾಕುತ್ತಿದ್ದರು. ಹಾರಬೇಕು ಅಂದರೆ ಮೊದಲು ಗೋಪುರವನ್ನ ನೇರಕ್ಕೆ ತರಬೇಕು. ಬೆನ್ನ ಹಿಂದಿನ ಬಾಗಿಲು ತೆಗೆದು, ಕೈ ಚಾಚಿ ಪ್ಯಾರಾಚೂಟ್ ತೆಗೆದುಕೊಂಡು ಎದೆಗೆ ಸಿಕ್ಕಿಸಿಕೊಳ್ಳಬೇಕು. ಆಮೇಲೆ ಗೋಪುರವನ್ನ ಪಕ್ಕಕ್ಕೆ ತಿರುಗಿಸಿದರೆ ಆ ಬಾಗಿಲು ಆಕಾಶಕ್ಕೆ ತೆರೆಯುತ್ತೆ, ಅಲ್ಲಿಂದ ಹಿಮ್ಮುಖವಾಗಿ ಬೀಳಬೇಕು.

ತಿರುಗಿಸೋಕೆ ಹೈಡ್ರಾಲಿಕ್ ಒತ್ತಡ ಬೇಕು. ಬಾಲದ ಗೋಪುರಕ್ಕೆ ಆ ಒತ್ತಡ ಬರುತ್ತಿದ್ದದ್ದು ಎಡಗಡೆ ಹೊರಗಿನ ಎಂಜಿನ್‌ನಿಂದ. ಆ ರಾತ್ರಿ ಹೋಗಿದ್ದೇ ಎಡಗಡೆಯ ಎಂಜಿನ್‌ಗಳು. ಕೈಯಿಂದ ತಿರುಗಿಸೋಕೆ ಒಂದು ಹಿಡಿ ಇರುತ್ತೆ, ಬ್ರೋಫಿ ಅದನ್ನ ಜೋರಾಗಿ ತಿರುಗಿಸೋಕೆ ಹೋದಾಗ ಅದೂ ಮುರಿಯಿತು. ಮೇಲಿಂದ ಸೋರಿದ ಹೈಡ್ರಾಲಿಕ್ ಎಣ್ಣೆಯೇ ಉರಿಯುತ್ತಿತ್ತು. ಗಾಜು ಒಡೆದರೂ ಮುಂದೆ ಗನ್‌ಗಳು, ಪ್ಯಾರಾಚೂಟ್ ಬೇರೆ ಆಚೆ. ಹೋಗೋ ದಾರಿನೇ ಇರಲಿಲ್ಲ.

ಸುಮ್ನೆಕೇಳ್ತೀನಿ:
ಈಗ ಗೊತ್ತಾಯಿತು. ಅಂದರೆ ಮಿನಾರ್ಸ್ಕಿ ಒಬ್ಬನೇ ಹೋಗಿ ಕೊಡಲಿಯಿಂದ ತೆಗೆಯುವಂಥದ್ದೇ ಆಗಿರಲಿಲ್ಲ ಅದು. ಅವನೂ ಗನ್ನರ್, ಅವನಿಗೆ ಅದು ಗೊತ್ತೇ ಇರುತ್ತೆ.

ಬಾನಾಡಿ:
ಹೌದು, ಗೊತ್ತಿದ್ದೂ ಹೋದ. ಇನ್ನೂ ಒಂದು ಇದೆ. ಅದೇ ಹೊತ್ತಿಗೆ ಅದೇ ವಿಮಾನದ ಮುಂದಿನ ತುದಿಯಲ್ಲೂ ಹೀಗೇ ಒಂದು ನಡೆಯಿತು. ಬಾಂಬ್ ಹಾಕುವವನು ಜ್ಯಾಕ್ ಫ್ರೈಡೆ. ಮುಂದಿನ ಕಿಂಡಿಯ ಮುಚ್ಚಳ ಎಳೆದಾಗ ಗಾಳಿಯ ರಭಸಕ್ಕೆ ಅದು ಅವನ ತಲೆಗೆ ಬಡಿದು ಪ್ರಜ್ಞೆ ತಪ್ಪಿತು. ಹಿಂದೆ ಬಂದ ಎಂಜಿನಿಯರ್ ರಾಯ್ ವಿಗರ್ಸ್ ನೋಡಿದರೆ ಇವನು ಬಿದ್ದಿದ್ದಾನೆ. ವಿಗರ್ಸ್ ಇವನಿಗೆ ಪ್ಯಾರಾಚೂಟ್ ಸಿಕ್ಕಿಸಿ, ಅದು ಬಿಚ್ಚಿಕೊಳ್ಳುವ ಹಾಗೆ ಮಾಡಿ, ಕಿಂಡಿಯಿಂದ ತಳ್ಳಿದ. ಆಮೇಲೆ ತಾನು ಹಾರಿದ. ಇಬ್ಬರೂ ಜರ್ಮನ್ನರ ಸೆರೆಯಾದರು, ಇಬ್ಬರೂ ಬದುಕಿದರು.

ವಿಗರ್ಸ್ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲ್ಲ. ಅವನು ಮಾಡಿದ್ದು ಫಲಿಸಿತು, ಅದಕ್ಕೇ ಅದು ಕಥೆ ಆಗಲಿಲ್ಲ. ನನಗೆ ಇದು ಸರಿ ಅನ್ನಿಸಲ್ಲ. ಇಬ್ಬರನ್ನೂ ಒಟ್ಟಿಗೆ ಹೇಳಬೇಕು.

ತುಂಗಾತೀರ:
ಬರಹ ಚೆನ್ನಾಗಿದೆ, ಆದರೆ ನನಗೆ ಒಂದು ತಕರಾರು ಇದೆ, ನೇರವಾಗಿ ಹೇಳ್ತೀನಿ. ಇವರು ಬಾಂಬ್ ಹಾಕೋಕೆ ಹೋದವರು. ಹ್ಯಾಂಬರ್ಗ್, ಡ್ರೆಸ್ಡೆನ್ ಎಲ್ಲಾ ಇದೇ ಬಾಂಬರ್ ಕಮಾಂಡ್, ಅಂದರೆ ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿ ವಿಭಾಗ, ಸುಟ್ಟ ಊರುಗಳು. ಡ್ರೆಸ್ಡೆನ್ ಒಂದರಲ್ಲೇ ಸುಮಾರು 25,000 ಜನ ಸತ್ತರು. 1943ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸಾಯುವಾಗ ಲಂಡನ್ನಿನ ಅದೇ ಸರ್ಕಾರ ನಮ್ಮನ್ನ ಆಳುತ್ತಿತ್ತು. ಅವರ ವೀರರನ್ನ ನಾವು ಕನ್ನಡದಲ್ಲಿ ಯಾಕೆ ನೆನೆಯಬೇಕು? ಸಿಟ್ಟಿನಿಂದ ಕೇಳ್ತಿಲ್ಲ. ನನ್ನ ಮನಸ್ಸಿನಲ್ಲಿ ಇದು ನಿಜವಾಗಿಯೂ ಇದೆ.

ಮೇಷ್ಟ್ರು_ಹಾಸನ:
ತುಂಗಾತೀರ ಅವರ ಪ್ರಶ್ನೆಯನ್ನ ತಳ್ಳಿಹಾಕುವ ಹಾಗಿಲ್ಲ. ಬ್ರಿಟನ್ನಿನಲ್ಲೇ ಈ ವಿಷಯ ದಶಕಗಟ್ಟಲೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಯುದ್ಧ ಮುಗಿದಿದ್ದು 1945ರಲ್ಲಿ, ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಬಾಂಬರ್ ಕಮಾಂಡಿನ ಸ್ಮಾರಕ ಆಗಿದ್ದು 2012ರಲ್ಲಿ. ಅಷ್ಟು ವರ್ಷ ಯಾಕೆ ಬೇಕಾಯಿತು ಅಂದರೆ ಇದೇ ಮುಜುಗರವೂ ಒಂದು ಕಾರಣ. ಕೊನೆಗೆ ಕಟ್ಟಿದಾಗ, 1939ರಿಂದ 1945ರ ತನಕ ಬಾಂಬ್ ದಾಳಿಯಲ್ಲಿ ಸತ್ತ ಎಲ್ಲಾ ದೇಶಗಳ ಜನರನ್ನೂ ನೆನೆಯುವ ಮಾತನ್ನ ಅದರ ಮೇಲೆ ಬರೆಸಿದರು.

ಕಾಂಬ್ರೇ ವಿಷಯ ಸ್ವಲ್ಪ ಬೇರೆ. ನಾರ್ಮಂಡಿಯಲ್ಲಿ ಇಳಿದ ಸೈನ್ಯದ ಮೇಲೆ ಬೀಳೋಕೆ ಜರ್ಮನ್ ಪಡೆ ರೈಲಿನಲ್ಲಿ ಬರಬಾರದು ಅಂತ ಆ ತಿಂಗಳುಗಳಲ್ಲಿ ಫ್ರಾನ್ಸ್, ಬೆಲ್ಜಿಯಂನ ರೈಲ್ವೆ ಯಾರ್ಡುಗಳನ್ನ ಒಂದೊಂದಾಗಿ ಹೊಡೆಯುತ್ತಿದ್ದರು. ಆ ಯಾರ್ಡುಗಳ ಸುತ್ತ ಮನೆಗಳಿದ್ದವು. ಫ್ರೆಂಚ್ ಜನರೂ ಸಾವಿರಗಟ್ಟಲೆ ಸತ್ತರು. ಅದೇ ಫ್ರೆಂಚ್ ಜನರೇ ಬ್ರೋಫಿಯನ್ನ, ಪೈಲಟ್ಟನ್ನ, ಇನ್ನಿಬ್ಬರನ್ನ ಜರ್ಮನ್ನರ ಕೈಗೆ ಸಿಗದ ಹಾಗೆ ಬಚ್ಚಿಟ್ಟು ಕಾಪಾಡಿದರು. ಸಿಕ್ಕಿಬಿದ್ದರೆ ಬಚ್ಚಿಟ್ಟವರಿಗೆ ಮರಣದಂಡನೆ ಆಗುತ್ತಿತ್ತು. ಮಿನಾರ್ಸ್ಕಿಯ ಸಮಾಧಿ ಇರುವುದೂ ಅಲ್ಲೇ, ಅಮಿಯೆನ್ ಹತ್ತಿರದ ಮೆಅರಿಕೂರ್ ಹಳ್ಳಿಯ ಸ್ಮಶಾನದಲ್ಲಿ.

ನನ್ನ ಮಟ್ಟಿಗೆ ಹೇಳೋದಾದರೆ, ಯುದ್ಧದ ನೀತಿಯನ್ನ ಬೈಯಲು ನನಗೆ ಹಿಂಜರಿಕೆ ಇಲ್ಲ. ಅದನ್ನ ರೂಪಿಸಿದವರು ಮೇಜಿನ ಹಿಂದೆ ಕೂತಿದ್ದರು. ತೊಗಲು ಕತ್ತರಿಸುತ್ತಿದ್ದ ಹುಡುಗನ ಹತ್ತಿರ ಆ ಲೆಕ್ಕ ಕೇಳೋಕೆ ನನಗೆ ಮನಸ್ಸು ಬರಲ್ಲ.

ತುಂಗಾತೀರ:
ಮೇಷ್ಟ್ರೇ, ಪೂರ್ತಿ ಒಪ್ಪಲ್ಲ. ಬಾಂಬ್ ಕೆಳಗೆ ಬೀಳುತ್ತೆ ಅಂತ ಆ ಹುಡುಗನಿಗೂ ಗೊತ್ತಿತ್ತು. ಆದರೆ ಫ್ರೆಂಚ್ ಜನ ಬಚ್ಚಿಟ್ಟ ವಿಷಯ ನನಗೆ ಗೊತ್ತಿರಲಿಲ್ಲ. ತಮ್ಮ ಊರಿನ ಮೇಲೆ ಬಾಂಬ್ ಹಾಕಿದವರನ್ನೇ ಕಾಪಾಡಿದ್ದಾರೆ ಅಂದರೆ, ನಾನು ದೂರ ಕೂತು ತೀರ್ಪು ಕೊಡೋಕೆ ಮುಂಚೆ ಇನ್ನೊಂದಿಷ್ಟು ಓದಬೇಕು.

ಬಾನಾಡಿ:
ಯಾಕೆ ನೆನೆಯಬೇಕು ಅಂತ ಕೇಳಿದಿರಿ. ಅವನು ವೀರ ಅಂತ ನಾನು ಬರೆದಿಲ್ಲ, ನನ್ನನ್ನ ಕಾಡುವುದು ಬೇರೆ ವಿಷಯ.

ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಹತ್ತು ಜನ ಹೋದರೆ ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕೆನಡಾದವರೇ ಸುಮಾರು 10,000. ಎಲ್ಲರೂ ಸ್ವಂತ ಇಷ್ಟದಿಂದ ಸೇರಿದವರು. ಒಂದು ಸುತ್ತು ಅಂದರೆ 30 ದಾಳಿ, ಅದು ಮುಗಿಸಿದರೆ ವಿಶ್ರಾಂತಿ. ಎಷ್ಟೋ ತಂಡಗಳು ಮೊದಲ ಐದಾರು ದಾಳಿಯಲ್ಲೇ ಮುಗಿದುಹೋದವು.

ಈಗ ಯೋಚಿಸಿ. ರಾತ್ರಿ ಕತ್ತಲಲ್ಲಿ ಒಂದು ವಿಮಾನ ಉರಿದು ಬೀಳುತ್ತೆ. ಏಳು ಜನರೂ ಸಾಯುತ್ತಾರೆ. ಆ ಕೊನೆಯ ಎರಡು ಮೂರು ನಿಮಿಷದಲ್ಲಿ ಒಳಗೆ ಏನಾಯಿತು ಅಂತ ಯಾರು ಹೇಳಬೇಕು? ಯಾರೋ ಒಬ್ಬ ಇನ್ನೊಬ್ಬನನ್ನ ಎಳೆಯೋಕೆ ಹೋಗಿರಬಹುದು, ಪೈಲಟ್ ಉಳಿದವರೆಲ್ಲ ಹಾರಲಿ ಅಂತ ಕೈ ಬಿಡದೆ ಕೂತಿರಬಹುದು. ಮನೆಗೆ ಹೋಗುವುದು 'ಕಾಣೆಯಾಗಿದ್ದಾರೆ' ಅನ್ನೋ ತಂತಿ ಮಾತ್ರ. ಬಾಂಬರ್ ಕಮಾಂಡಿನಲ್ಲಿ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು 19 ಜನರಿಗೆ. 55,573 ಸಾವಿಗೆ 19. ಧೈರ್ಯ ತೋರಿದವರು ಅಷ್ಟೇ ಜನ ಅಂತ ಯಾರಾದರೂ ನಂಬುತ್ತಾರಾ? ಆ ಪದಕಕ್ಕೆ ಸಾಕ್ಷಿ ಬೇಕು, ಸಾಕ್ಷಿ ಹೇಳಬೇಕಾದವನು ಬದುಕಿರಬೇಕು.

ಮಿನಾರ್ಸ್ಕಿ ಮಾಡಿದ್ದನ್ನ ನೋಡಿದ್ದು ಒಬ್ಬನೇ ಒಬ್ಬ, ಅವನೂ ಸಾಯುವುದು ಖಂಡಿತ ಅನ್ನೋ ಸ್ಥಿತಿಯಲ್ಲಿ ಕೂತಿದ್ದ. ಬ್ರೋಫಿ ಬದುಕಿದ್ದು ಆಕಸ್ಮಿಕ. ಅವನೂ ಹೋಗಿದ್ದರೆ ಮಿನಾರ್ಸ್ಕಿ ಪ್ಯಾರಾಚೂಟ್ ಸುಟ್ಟು ಸತ್ತ ಗನ್ನರ್ ಅಂತ ಒಂದು ಸಾಲಿನಲ್ಲಿ ಮುಗಿದು ಹೋಗುತ್ತಿದ್ದ. ಗೆಳೆಯ ಸತ್ತ ಅಂತ ಬ್ರೋಫಿಗೆ ಗೊತ್ತಾಗಿದ್ದೇ ತಿಂಗಳುಗಳ ನಂತರ, ಇಂಗ್ಲೆಂಡಿಗೆ ವಾಪಸ್ ಬಂದಮೇಲೆ. ಯುದ್ಧ ಮುಗಿದಮೇಲೆ ತಂಡದ ಉಳಿದವರ ಜೊತೆ ಮಾತಾಡಿದಾಗ ನಡೆದದ್ದನ್ನ ಹೇಳಿದ. ಪೈಲಟ್ ಡಿ ಬ್ರೇನ್ ಅದನ್ನ ಮೇಲಿನವರಿಗೆ ಮುಟ್ಟಿಸಿದ. 1946ರ ಅಕ್ಟೋಬರ್ 11ರಂದು ಮಿನಾರ್ಸ್ಕಿಗೆ ವಿಕ್ಟೋರಿಯಾ ಕ್ರಾಸ್ ಘೋಷಣೆ ಆಯಿತು. ಸತ್ತು ಎರಡು ವರ್ಷ ದಾಟಿತ್ತು. ಪದಕವನ್ನ ಅವನ ತಾಯಿಯ ಕೈಗೆ ಕೊಟ್ಟರು.

ನಾನು ಅವನೊಬ್ಬನನ್ನ ನೆನೆಯುವಾಗ, ನೋಡುವವರು ಯಾರೂ ಉಳಿಯದೇ ಹೋದವರ ಪರವಾಗಿಯೂ ನೆನೆಯುತ್ತೇನೆ. ಕನ್ನಡದಲ್ಲಿ ಬರೆದರೆ ಏನು ತಪ್ಪು, ನನಗೆ ಮನಸ್ಸು ಬಿಚ್ಚಿ ಬರೆಯೋಕೆ ಬರುವುದು ಈ ಭಾಷೆಯಲ್ಲೇ.

ಹಿಮದೂರಿನಕನ್ನಡತಿ:
ನಾನು ಒಂಟಾರಿಯೋದಲ್ಲಿ ಇರುವುದು. ಹ್ಯಾಮಿಲ್ಟನ್‌ನ ವಿಮಾನ ಮ್ಯೂಸಿಯಂನಲ್ಲಿ ಇವತ್ತಿಗೂ ಹಾರುವ ಒಂದು ಲ್ಯಾಂಕಾಸ್ಟರ್ ಇದೆ. ನಿಜವಾದ ನಂಬರ್ ಎಫ್‌ಎಂ213, ಆದರೆ ಬಣ್ಣ ಮತ್ತು ಅಕ್ಷರ ಎಲ್ಲಾ ಮಿನಾರ್ಸ್ಕಿಯ ಕೆಬಿ726ದ್ದು. ಅದನ್ನ ಕರೆಯುವುದೇ ಮಿನಾರ್ಸ್ಕಿ ಸ್ಮಾರಕ ಲ್ಯಾಂಕಾಸ್ಟರ್ ಅಂತ. ಒಟ್ಟು ತಯಾರಾಗಿದ್ದು 7,377, ಈಗ ಹಾರುವ ಸ್ಥಿತಿಯಲ್ಲಿ ಇರುವುದು ಪ್ರಪಂಚದಲ್ಲಿ ಎರಡೇ. ಇನ್ನೊಂದು ಬ್ರಿಟಿಷ್ ವಾಯುಪಡೆಯ ಹತ್ತಿರ. 2014ರಲ್ಲಿ ಇದು ಅಟ್ಲಾಂಟಿಕ್ ದಾಟಿ ಹೋಗಿ ಅದರ ಜೊತೆ ಹಾರಿತ್ತು.

ಅದು ಮನೆಯ ಮೇಲೆ ಹಾರಿದರೆ ನೋಡದೇ ಗೊತ್ತಾಗುತ್ತೆ. ನಾಲ್ಕು ಮರ್ಲಿನ್ ಎಂಜಿನ್‌ಗಳ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತೆ. ಇಲ್ಲಿನ ಅಜ್ಜಂದಿರು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ನಾನೂ ನನ್ನ ಮಗನನ್ನ ಎತ್ತಿಕೊಂಡು ಹೊರಗೆ ಬರ್ತೀನಿ. ಅವನಿಗೆ ಈಗ ಬ್ರೋಫಿ ಹೆಸರು ಗೊತ್ತು, ಇನ್ನು ವಿಗರ್ಸ್ ಹೆಸರೂ ಹೇಳ್ತೀನಿ.

ವಿನ್ನಿಪೆಗ್‌ನಲ್ಲಿ ಅವನ ಹೆಸರಿನ ಒಂದು ಶಾಲೆಯೂ ಇದೆ.

ಮೇಷ್ಟ್ರು_ಹಾಸನ:
ಮಿಡಲ್ಟನ್ ಸೇಂಟ್ ಜಾರ್ಜ್‌ನಲ್ಲೂ ಅವನ ಕಂಚಿನ ಪ್ರತಿಮೆ ಇದೆ, 2005ರಲ್ಲಿ ನಿಲ್ಲಿಸಿದ್ದು. ಸೆಲ್ಯೂಟ್ ಹೊಡೆಯುತ್ತಿರುವ ಭಂಗಿ. ಅಲ್ಲಿನ ಜನ ದುಡ್ಡು ಕೂಡಿಸಿ ಮಾಡಿಸಿದ್ದು.

ಇಂಥದ್ದೇ ಇನ್ನೊಬ್ಬ ಜಾರ್ಜ್ ಥಾಂಪ್ಸನ್, ಸ್ಕಾಟ್ಲೆಂಡಿನವನು, ವೈರ್‌ಲೆಸ್ ಆಪರೇಟರ್. 1945ರ ಜನವರಿ 1ರಂದು ಡಾರ್ಟ್‌ಮಂಡ್-ಎಮ್ಸ್ ಕಾಲುವೆಯ ದಾಳಿಯಲ್ಲಿ, ಉರಿಯುವ ವಿಮಾನದಲ್ಲಿ ಇಬ್ಬರು ಗನ್ನರ್‌ಗಳನ್ನ ಬರಿಗೈಯಲ್ಲಿ ಹೊರಗೆಳೆದ. ಮೂರು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಅಲ್ಲೂ ಪೈಲಟ್ ಹೇಗೋ ವಿಮಾನ ಇಳಿಸಿದ್ದರಿಂದ ಹೇಳುವವರು ಉಳಿದರು. ಬಾನಾಡಿಯವರ ಮಾತು ಅಲ್ಲಿಗೂ ಹೊಂದುತ್ತೆ.

ಎಚ್‌ಎಎಲ್‌ಮಗಳು:
ಕೆನಡಾ ವಿಷಯ ಬಂತಲ್ಲ, ಒಂದು ಬೆಂಗಳೂರಿನ ಎಳೆ ಸೇರಿಸ್ತೀನಿ. ಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರ ಆಗಿತ್ತು. ಯುದ್ಧ ಮುಗಿದಮೇಲೆ ಕಾನ್ಪುರದಲ್ಲಿ ಬ್ರಿಟಿಷರು ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರ್‌ಗಳು ಗುಡ್ಡೆ ಬಿದ್ದಿದ್ದವು. ಅವನ್ನ ಹಾರುವಷ್ಟು ಸರಿಮಾಡಿ, ಜಮ್ಶೆಡ್ ಮುನ್ಶಿ ಅನ್ನೋ ಟೆಸ್ಟ್ ಪೈಲಟ್ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ ಆಗಿ ಭಾರತದ ವಾಯುಪಡೆಗೆ ಹೋದವು. 1948ರಲ್ಲಿ ನಮ್ಮ 5ನೇ ಸ್ಕ್ವಾಡ್ರನ್ ಶುರುವಾಗಿದ್ದು ಅವುಗಳಿಂದಲೇ. 1968ರ ತನಕ ಹಾರಿದವು.

ಅದರಲ್ಲಿ ಒಂದು ಈಗ ಕೆನಡಾದ ಒಟ್ಟಾವಾ ನಗರದ ವಿಮಾನ ಮ್ಯೂಸಿಯಂನಲ್ಲಿದೆ, ಇನ್ನೊಂದು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲಿದೆ. ಅವರ ಹತ್ತಿರ ಒಂದೂ ಉಳಿದಿರಲಿಲ್ಲ, ನಮ್ಮವರು ಉಳಿಸಿಕೊಂಡಿದ್ದರು. ಬೆಂಗಳೂರಿನ ಫಿಟ್ಟರ್‌ಗಳ ಕೈಕೆಲಸ ಅದು. ಹಿಮದೂರಿನವರು ಒಟ್ಟಾವಾಗೆ ಹೋದರೆ ಅದನ್ನ ಖಂಡಿತ ನೋಡಿ.

ಚಿನ್ನದೂರಿನವ:
ಲಿಬರೇಟರ್ ಅಂದಮೇಲೆ ಕೋಲಾರ ಬಿಡೋ ಹಾಗಿಲ್ಲ! ನಮ್ಮೂರಲ್ಲಿ ಯುದ್ಧದ ಕಾಲದ ಬ್ರಿಟಿಷ್ ವಾಯುನೆಲೆ ಇತ್ತು. ಲಿಬರೇಟರ್ ತಂಡಗಳು ಅಲ್ಲಿ ತರಬೇತಿ ಪಡೆಯುತ್ತಿದ್ದವು. 1944ರ ನವೆಂಬರ್‌ನಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿದ್ದೇ ಕೋಲಾರದಲ್ಲಿ. ಆಮೇಲೆ ಅದು ಬಂಗಾಳಕ್ಕೆ ಹೋಯಿತು. ಬಾಂಬರ್ ದಳ ಅಂತ ಶುರುವಾದರೂ ಬೇಗನೇ ಗುಪ್ತ ಕೆಲಸಕ್ಕೆ ಹಾಕಿದರು, ಶತ್ರುವಿನ ಕೈಯಲ್ಲಿದ್ದ ದೇಶಗಳಲ್ಲಿ ಏಜೆಂಟರನ್ನ, ಸಾಮಾನನ್ನ ರಾತ್ರಿ ಪ್ಯಾರಾಚೂಟಿನಲ್ಲಿ ಇಳಿಸುವುದು. ಬರ್ಮಾ, ಇಂಡೋಚೈನಾ ಕಡೆ ಮಳೆಮೋಡ, ಬೆಟ್ಟ. ಅಲ್ಲಿ ಬಿದ್ದ ವಿಮಾನ ಕಾಡಿನೊಳಗೆ ಬಿದ್ದ ಹಾಗೆ ಅಷ್ಟೇ.

ಬಾನಾಡಿಯವರು ಹೇಳಿದ ಮಾತು ನನಗೆ ಅಲ್ಲಿಗೇ ಹೋಗಿ ತಟ್ಟಿತು. ಯುರೋಪಿನಲ್ಲಿ ಬಿದ್ದರೆ ಕಡೇಪಕ್ಷ ಒಬ್ಬ ರೈತ ನೋಡುತ್ತಿದ್ದ. ಕಾಡಲ್ಲಿ ಯಾರು ನೋಡಬೇಕು? ಕೋಲಾರದ ಬಯಲಲ್ಲಿ ಕ್ರಿಕೆಟ್ ಆಡಿ, ನಮ್ಮ ಸಂತೆಯಲ್ಲಿ ಬಾಳೆಹಣ್ಣು ಕೊಂಡ ಹುಡುಗರೂ ಅವರಲ್ಲಿ ಇದ್ದಿರಬೇಕು. ನಮ್ಮೂರಲ್ಲಿ ಅವರ ಬಗ್ಗೆ ಒಂದು ಫಲಕವನ್ನೂ ನಾನು ನೋಡಿಲ್ಲ.

ಅವರ ಹೆಸರು ಎಲ್ಲಿ ಸಿಗುತ್ತೆ, ಯಾರಾದರೂ ಹೇಳ್ತೀರಾ?

ಬಾನಾಡಿ:
ಸಿಗುತ್ತೆ. ಸಮಾಧಿ ಇಲ್ಲದವರಿಗಾಗಿ ದೊಡ್ಡ ಗೋಡೆಗಳಿವೆ. ಆಗ್ನೇಯ ಏಷ್ಯಾ ಕಡೆ ಕಾಣೆಯಾದ ವಾಯುಪಡೆಯವರ ಹೆಸರು ಕ್ರಾಂಜಿಯಲ್ಲಿರುವ ಸಿಂಗಾಪುರ ಸ್ಮಾರಕದಲ್ಲಿದೆ, ಸೈನಿಕರದ್ದೂ ಸೇರಿ 24,000ಕ್ಕೂ ಜಾಸ್ತಿ ಹೆಸರು. ಯುರೋಪಿನಲ್ಲಿ ಕಾಣೆಯಾದವರದ್ದು ಇಂಗ್ಲೆಂಡಿನ ರನ್ನಿಮೀಡ್‌ನಲ್ಲಿ, ಅಲ್ಲಿ 20,000ಕ್ಕೂ ಹೆಚ್ಚು. ತುಂಗಾತೀರ ಅವರಿಗೂ ಹೇಳಬೇಕು, ರನ್ನಿಮೀಡ್ ಗೋಡೆಯಲ್ಲಿ ನೂರ್ ಇನಾಯತ್ ಖಾನ್ ಹೆಸರೂ ಇದೆ, ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು. ಫ್ರಾನ್ಸಿನಲ್ಲಿ ಗುಪ್ತವಾಗಿ ರೇಡಿಯೋ ಕಳಿಸುತ್ತಿದ್ದವಳು, 1944ರ ಸೆಪ್ಟೆಂಬರ್‌ನಲ್ಲಿ ಡಾಖಾವ್ ಶಿಬಿರದಲ್ಲಿ ಅವಳನ್ನ ಕೊಂದರು.

ದಕ್ಷಿಣ ಭಾರತದ ನೆಲದಲ್ಲೇ ಸತ್ತವರಾದರೆ ಚೆನ್ನೈನ ನಂದಂಬಾಕ್ಕಂನಲ್ಲಿರುವ ಯುದ್ಧ ಸ್ಮಶಾನ ನೋಡಿ. ದಕ್ಷಿಣದ, ಪೂರ್ವದ ಎಷ್ಟೋ ಊರುಗಳ ಸಣ್ಣ ಸಮಾಧಿಗಳನ್ನ ಮುಂದೆ ನೋಡಿಕೊಳ್ಳುವವರಿಲ್ಲ ಅಂತ ಅಲ್ಲಿಗೆ ತಂದಿದ್ದಾರೆ. ಎಂಟು ನೂರಕ್ಕೂ ಹೆಚ್ಚು ಇವೆ. ತರಬೇತಿಯಲ್ಲಿ ಸತ್ತವರೂ ಕಮ್ಮಿ ಏನಲ್ಲ, ಅವರನ್ನ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲ್ಲ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು, ತಾರೀಖು, ಸ್ಮಶಾನ ಯಾವುದು ಹಾಕಿದರೂ ಹುಡುಕಬಹುದು, ದುಡ್ಡು ಕೊಡಬೇಕಿಲ್ಲ. ಮೊದಲು ಸಿಂಗಾಪುರ ಸ್ಮಾರಕ ಆರಿಸಿ, ವಾಯುಪಡೆ ಆರಿಸಿ, 1944ರ ನವೆಂಬರ್‌ನಿಂದ 1945ರ ಆಗಸ್ಟ್ ತನಕ ತಾರೀಖು ಕೊಡಿ. ಬಂದ ಪಟ್ಟಿಯಲ್ಲಿ 358 ಅಂತ ಇರುವವರನ್ನ ಬೇರೆ ಮಾಡಿ. ಒಂದೇ ತಾರೀಖಿನಲ್ಲಿ ಏಳೆಂಟು ಹೆಸರು ಕಂಡರೆ ಅದು ಒಂದು ವಿಮಾನ.

ಚಿನ್ನದೂರಿನವ:
ಭಾನುವಾರ ಕೂತು ಶುರುಮಾಡ್ತೀನಿ. ಸಿಕ್ಕ ಹೆಸರುಗಳನ್ನ ಇಲ್ಲೇ ಕನ್ನಡದಲ್ಲಿ ಬರೆದು ಹಾಕ್ತೀನಿ, ವಯಸ್ಸು ಊರು ಸಮೇತ. ಕೋಲಾರದ ಹಳಬರು ಯಾರಾದರೂ ಇಲ್ಲಿ ಇದ್ದರೆ, ಮನೆಯಲ್ಲಿ ಅಜ್ಜ ಅಜ್ಜಿ ಆ ನೆಲೆಯಲ್ಲಿ ಕೆಲಸ ಮಾಡಿದ್ದರೆ, ಲಾರಿ ಓಡಿಸಿದ್ದರೆ, ಅಡುಗೆ ಮಾಡಿದ್ದರೆ, ಏನು ನೆನಪಿದ್ದರೂ ದಯವಿಟ್ಟು ಬರೆಯಿರಿ.

ತುಂಗಾತೀರ:
ಅರ್ಧ ಪಟ್ಟಿ ನನಗೆ ಕೊಡಿ. 1945ರ ಏಪ್ರಿಲ್‌ನಿಂದ ಆಚೆಗೆ ನಾನು ನೋಡ್ತೀನಿ.